ಬೋರ್ಡು ಹಾಕದ ಕೆಲಸಗಳು

ಮಧ್ಯಾಹ್ನ ಊಟ ಮುಗಿಸಿ ಪೇಪರು ಹಿಡಿದಾಗ ‘ಬೇಕಾಗಿದ್ದಾರೆ’ ಅಂಕಣದ ಮೇಲೆ ನಿಮ್ಮ ಕಣ್ಣು ಓಡುವುದುಂಟಲ್ಲವೆ? ಅಲ್ಲಿರುವುದೆಲ್ಲ ಬೆಂಗಳೂರಿನ ಕೆಲಸ. “ನಮ್ಮೂರಲ್ಲಿ ಏನಿದೆ ಬಿಡಿ” ಎಂದು ಪೇಪರು ಮಡಚಿಡುತ್ತೀರಿ.

ಒಂದು ದಿನ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಗಮನವಿಟ್ಟು ನಡೆದು ಬನ್ನಿ. ಔಷಧಿ ಅಂಗಡಿ, ಹಲ್ಲಿನ ಡಾಕ್ಟರ ಕ್ಲಿನಿಕ್, ಆಡಿಟರ ಆಫೀಸು, ಬಟ್ಟೆ ಅಂಗಡಿ, ಶಿಶುವಿಹಾರ. ಅಲ್ಲಿರುವವರನ್ನು ವಿಚಾರಿಸಿದರೆ, “ಅವರು ಹೇಳಿದ್ರು, ನಾನು ಬಂದೆ” ಅನ್ನುವವರೇ ಹೆಚ್ಚು. ನಾಲ್ಕು ಜನರ ಅಂಗಡಿಯವನು ಜಾಹೀರಾತಿಗೆ ದುಡ್ಡು ಸುರಿಯುವುದಿಲ್ಲ. ಗಲ್ಲಾಪೆಟ್ಟಿಗೆಯ ಹತ್ತಿರ ಗುರುತಿನವರೇ ಇರಲಿ ಎಂಬುದು ಅವನ ಯೋಚನೆ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು 1959ರಲ್ಲಿ ಬಂದ ಕಾನೂನು ಕೂಡ ಖಾಸಗಿಯವರಲ್ಲಿ 25 ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸಿತ್ತು.

ಹಾಗಾದರೆ ಸುದ್ದಿ ತಿಳಿಯುವುದು ಹೇಗೆ? ನಮ್ಮ ಬೀದಿಯ ಗೃಹಿಣಿಯೊಬ್ಬರ ಸಂಗತಿ ಕೇಳಿ. ಬಿ.ಕಾಂ. ಮುಗಿದು ಹನ್ನೆರಡು ವರ್ಷವಾಗಿತ್ತು. ಯಜಮಾನರು ಬೆನ್ನುನೋವಿನಿಂದ ಹಾಸಿಗೆ ಹಿಡಿದರು, ಸಂಬಳ ನಿಂತಿತು. ಆರು ತಿಂಗಳು ಜಾಹೀರಾತು ನೋಡಿದ್ದೇ ಬಂತು. ನೆಂಟರಿಗೆಲ್ಲ ಹೇಳಿದ್ದೂ ಆಯಿತು. ಕೊನೆಗೆ ಹಿಟ್ಟಿನ ಗಿರಣಿಯಲ್ಲಿ, ಬರೀ ಮುಖ ಪರಿಚಯದ ಹೆಂಗಸೊಬ್ಬರು ಮಾತಿಗೆ ಮಾತು ಬಂದು ಹೇಳಿದರು: “ಆ ಮೆಡಿಕಲ್ ಸ್ಟೋರಿನವರು ಗೋಳಾಡ್ತಿದ್ರು ಕಣ್ರೀ. ಅವಧಿ ಮುಗಿಯೋ ಮಾತ್ರೆಗಳನ್ನ ಹೊತ್ತಿಗೆ ಸರಿಯಾಗಿ ವಾಪಸ್ ಕಳಿಸೋರೇ ಇಲ್ವಂತೆ.”

ಮರುದಿನವೇ ಇವರು ಹೋದರು. “ಏನಾದರೂ ಕೆಲಸ ಕೊಡಿ” ಎನ್ನಲಿಲ್ಲ. “ನಮ್ಮ ಸ್ವಸಹಾಯ ಸಂಘದ ಲೆಕ್ಕ ಎಂಟು ವರ್ಷದಿಂದ ನಾನೇ ಬರೀತಿದ್ದೀನಿ. ಅವಧಿ ಮುಗಿಯೋ ಔಷಧಿಗಳ ಪಟ್ಟಿ ತಿಂಗಳು ತಿಂಗಳೂ ಮಾಡಿಕೊಡ್ತೀನಿ, ಹದಿನೈದು ದಿನ ನೋಡಿ” ಎಂದರು. ಔಷಧಿ ಕೊಡುವುದು ಫಾರ್ಮಸಿಸ್ಟರ ಕೆಲಸ; ಪಟ್ಟಿ, ಬಿಲ್ಲು ಈಗ ಇವರದು. ಅರ್ಧ ದಿನದ ಕೆಲಸ, ಮಕ್ಕಳು ಬರುವ ಹೊತ್ತಿಗೆ ಮನೆ.

ಇದು ಬರೀ ಅದೃಷ್ಟವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾಗಿದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಸುದ್ದಿ ಕೊಟ್ಟವರನ್ನು ಮೇಲಿಂದ ಮೇಲೆ ಕಾಣುತ್ತಿದ್ದವರು 100ಕ್ಕೆ ಸುಮಾರು 17 ಮಂದಿ ಮಾತ್ರ. ನಮ್ಮವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಹೊರಗಿನವರಿಂದಲೇ ಬರಬೇಕು. ಆದ್ದರಿಂದ ಟೈಲರು, ಮಕ್ಕಳ ಟೀಚರು, ಹಾಲಿನ ಡೈರಿಯವರು, ಹಳೆಯ ಸಹಪಾಠಿ, ಇವರ ಕಿವಿಗೂ ಹಾಕಿಡಿ.

“ನನಗೇನು ಬರುತ್ತೆ, ಬರೀ ಮನೆಗೆಲಸ” ಎಂದು ಮಾತ್ರ ಅನ್ನಬೇಡಿ. ಒಂದು ಹಾಳೆಯ ಎಡಕ್ಕೆ ನಿಮಗೆ ಬರುವುದನ್ನು, ಬಲಕ್ಕೆ ಅದು ಯಾರಿಗೆ ಬೇಕೆಂಬುದನ್ನು ಬರೆಯಿರಿ:

ಸಂಘದ ಲೆಕ್ಕ ಬರೆಯುವುದು – ಅಂಗಡಿ, ಆಡಿಟರ ಆಫೀಸು.
ಅತ್ತೆಯವರ ಕಾಯಿಲೆಯಲ್ಲಿ ಹೊತ್ತುಹೊತ್ತಿಗೆ ಮಾತ್ರೆ, ಡಾಕ್ಟರ ಭೇಟಿ ನೋಡಿಕೊಂಡಿದ್ದು – ಕ್ಲಿನಿಕ್ಕಿನ ಚೀಟಿ ಕೊಡುವ ಮೇಜು.
ಐವತ್ತು ಜನರ ಅಡಿಗೆಗೆ ಅಳತೆ ಹಾಕುವುದು – ಹಾಸ್ಟೆಲು, ಕೇಟರಿಂಗಿನವರು.
ಫಾಲ್ಸ್, ಕುಚ್ಚು – ಸೀರೆ ಅಂಗಡಿ.

ಹೋಗುವ ಹೊತ್ತನ್ನೂ ನೋಡಿ. ತಿಂಗಳ 11 ಮತ್ತು 20ನೇ ತಾರೀಕು ಜಿ.ಎಸ್.ಟಿ. ಲೆಕ್ಕ ಸಲ್ಲಿಸುವ ಗಡುವುಗಳು ಬರುವುದರಿಂದ ಆಗ ಆಡಿಟರ ಬಳಿ ಹೋಗಬೇಡಿ. ತಿಂಗಳ ಕೊನೆಗೆ ಹೋಗಿ. ಬಟ್ಟೆ ಅಂಗಡಿಗೆ ಗೌರಿಹಬ್ಬಕ್ಕೆ ಒಂದು ತಿಂಗಳು ಮೊದಲು, ಶಾಲೆಗೆ ಬೇಸಿಗೆ ರಜೆಗೆ ಮುಂಚೆ.

ಒಂದು ಎಚ್ಚರಿಕೆ. ಕೆಲಸ ಕೊಡಿಸುತ್ತೇವೆಂದು ಮೊದಲೇ ಹಣ ಕೇಳುವವರಿಗೆ ಕೈಮುಗಿದು ಹೊರಟುಬಿಡಿ. ಸಂಬಳ, ವೇಳೆ, ರಜೆ ಮೊದಲೇ ಮಾತಾಡಿ, ನೋಟ ನೋಡುವ ಹದಿನೈದು ದಿನಗಳ ಸಂಬಳವನ್ನೂ ಸೇರಿಸಿ. ಸಂಕೋಚಪಟ್ಟರೆ ಆಮೇಲೆ ನಷ್ಟ ನಿಮಗೇ.

ಮೊದಲ ಸಲ ‘ಇಲ್ಲ’ ಎಂದರೆ ಬೇಸರ ಬೇಡ. ಹೆಸರು, ಫೋನ್ ನಂಬರು ಬರೆದ ಚೀಟಿ ಕೊಟ್ಟು, ತಿಂಗಳು ಬಿಟ್ಟು ಮತ್ತೆ ವಿಚಾರಿಸಿ. ಅಲ್ಲಿದ್ದವರು ಮದುವೆಯಾಗಿ ಊರು ಬಿಟ್ಟ ದಿನ, ಯಜಮಾನರ ಕೈ ಮೊದಲು ಹುಡುಕುವುದು ಆ ಚೀಟಿಯನ್ನೇ.