ಹಳೆಯ ಮಾರಿಸ್ ಮೈನರಿನ ಮುಂಗಾಲಿಗಳು

ಹಳೆಯ ಮೋಟಾರು ಬಂಡಿಯನ್ನು ಮನೆಯ ಒಡವೆಯಂತೆ ಕಾಪಾಡಿಕೊಂಡು ಬರುವ ಗೃಹಸ್ಥರು ಅನೇಕರಿರುವರು. ಅವರಲ್ಲಿ ಕೆಲವರಿಗೆ ತಮ್ಮ ಬಂಡಿಯ ಮುಂಭಾಗವು ನೆಲಕ್ಕೆ ತುಸು ಸಮೀಪವಾಗಿರಬೇಕೆಂಬ ಆಸೆ. ನೋಟಕ್ಕೆ ಅದು ಸೊಗಸೇ ಸರಿ; ತಿರುವುಗಳಲ್ಲಿ ಬಂಡಿಯು ಕಡಮೆ ವಾಲುವುದೂ ಉಂಟು. ಆದರೆ ಬಂಡಿಯನ್ನು ತಗ್ಗಿಸುವುದೆಂದರೆ ಮಂಚದ ಕಾಲನ್ನು ಕೊಯ್ದು ಗಿಡ್ಡ ಮಾಡಿದಂತಲ್ಲ. ಎತ್ತರವು ಬದಲಾದೊಡನೆ ಗಾಲಿಗಳ ನಿಲುವೂ ಬದಲಾಗುವುದು. ನಿಲುವು ಕೆಟ್ಟರೆ ಟೈರು ಸವೆಯುವುದು, ಸ್ಟಿಯರಿಂಗು ಒಂದು ಕಡೆಗೆ ಎಳೆಯುವುದು. ಕಡೆಗೆ ಒಳಗೆ ಕುಳಿತ ಹೆಂಡಿರು ಮಕ್ಕಳ ಕ್ಷೇಮಕ್ಕೇ ಸಂಚಕಾರ ಬರುವುದು. ಆದುದರಿಂದ ಈ ವಿಷಯವನ್ನು ಒಂದು ಉದಾಹರಣೆಯ ಮೂಲಕ ವಾಚಕರ ಮುಂದಿಡುತ್ತೇವೆ.

೧೯೪೮ರ ಅಕ್ಟೋಬರಿನಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಮಾರಿಸ್ ಮೈನರ್ ಎಂಬ ಪುಟ್ಟ ಬಂಡಿಯು ಮೊದಲಿಗೆ ಜನರ ಕಣ್ಣಿಗೆ ಬಿತ್ತು. ಅದನ್ನು ರಚಿಸಿದವರು ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿ. ಮಾದರಿಯು ಸಿದ್ಧವಾದ ಮೇಲೆ ಅಗಲವು ಸಾಲದೆಂದು ಕಂಡು, ಅದನ್ನು ಉದ್ದಕ್ಕೆ ಸೀಳಿಸಿ ೪ ಅಂಗುಲ ಹಿಗ್ಗಿಸಿದರು. ಮುಂದೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಈ ಬಂಡಿಯು ತಯಾರಾಯಿತು. ನಮ್ಮ ದೇಶದಲ್ಲಿ ೨೦೧೪ರವರೆಗೆ ಉತ್ತರಪಾರಾದ ಕಾರ್ಖಾನೆಯಿಂದ ಹೊರಬಂದ ಅಂಬಾಸಡರು ಇದೇ ಮನೆತನದ ಮಾರಿಸ್ ಆಕ್ಸ್‌ಫರ್ಡಿನ ಸಂತತಿಯೆಂಬುದನ್ನು ವಾಚಕರು ಬಲ್ಲರು.

ಮೈನರಿನ ಮುಂಗಾಲಿಗಳಿಗೆ ಸುರುಳಿಯ ಸ್ಪ್ರಿಂಗು ಇಲ್ಲ. ಬಂಡಿಯ ಉದ್ದಕ್ಕೆ ಎಡಬಲಗಳಲ್ಲಿ ಒಂದೊಂದು ಉಕ್ಕಿನ ಸಲಾಕೆ ಇರುವುದು. ಇದಕ್ಕೆ ಟಾರ್ಷನ್ ಬಾರ್ ಎಂದು ಹೆಸರು. ಸಲಾಕೆಯ ಮುಂದಿನ ತುದಿಯು ಗಾಲಿಯ ಕೆಳತೋಳಿಗೂ, ಹಿಂದಿನ ತುದಿಯು ಬಂಡಿಯ ಅಡ್ಡತೊಲೆಗೂ ಸೇರಿರುವುವು. ಗಾಲಿಯು ಮೇಲೆದ್ದಾಗ ಸಲಾಕೆಯು ಒದ್ದೆಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡು, ತನ್ನ ಬಿಗುವಿನಿಂದಲೇ ಗಾಲಿಯನ್ನು ಸ್ವಸ್ಥಾನಕ್ಕೆ ತರುವುದು. ಎರಡು ತುದಿಗಳಲ್ಲಿಯೂ ಸಣ್ಣ ಹಲ್ಲುಗಳುಂಟು. ಹಲ್ಲುಗಳ ಜೋಡಣೆಯನ್ನು ಬದಲಾಯಿಸಿದರೆ ಬಂಡಿಯ ಎತ್ತರವು ಬದಲಾಗುವುದು. ಇಲ್ಲಿ ಏನನ್ನೂ ಕೊಯ್ಯಬೇಕಾಗಿಲ್ಲ. ಆದರೆ ಎಡದ ಸಲಾಕೆಯನ್ನು ಬಲಕ್ಕೆ ಹಾಕಲಾಗದು. ಬಂಡಿಯ ಭಾರವನ್ನು ಹೊತ್ತು ಬಿಗಿದುನಿಂತಿರುವ ಸಲಾಕೆಯನ್ನು ಸಡಿಲಿಸಲು ಹೋದರೆ ಕೈ ಮುರಿಯುವಷ್ಟು ರಭಸದಿಂದ ಅದು ಬಿಚ್ಚಿಕೊಳ್ಳುವುದು. ಆದುದರಿಂದ ಬಂಡಿಯನ್ನು ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸಿ, ಭಾರವನ್ನು ತೆಗೆದ ಮೇಲೆಯೇ ಕೆಲಸ ಮಾಡತಕ್ಕದ್ದು. ಜಾಕಿಯೊಂದನ್ನೇ ನಂಬಿ ಬಂಡಿಯ ಕೆಳಗೆ ಮಲಗುವುದು ಎಂದಿಗೂ ತರವಲ್ಲ.

ತಗ್ಗಿಸುವುದಕ್ಕೆ ಮೊದಲು ಗಾಲಿಯನ್ನು ಹೊತ್ತ ಟ್ರನಿಯನ್ ಎಂಬ ಮರೆಯುಳ್ಳ ಕೀಲನ್ನು ಪರೀಕ್ಷಿಸಬೇಕು. ಗ್ರೀಸು ಕಾಣದೆ ಅದರ ಮರೆಯು ಸವೆದರೆ, ಒಂದು ದಿನ ಕೀಲು ಕಳಚಿ ಗಾಲಿಯೇ ಮಗ್ಗುಲಿಗೆ ಬೀಳುವುದು. ಸಾವಿರ ಮೈಲಿಗೊಮ್ಮೆ ಅಲ್ಲಿಗೆ ಗ್ರೀಸು ಹಾಕುವ ಮನೆಯಲ್ಲಿ ಈ ಭಯವು ಕಡಮೆ. ಸವೆದ ಕೀಲಿನ ಮೇಲೆ ಮಾಡಿದ ಅಳತೆಯೂ ಸುಳ್ಳೇ.

ಇನ್ನು ನಿಲುವಿನ ಮಾತು. ಈ ಬಂಡಿಯಲ್ಲಿ ಮೇಲಿನ ತೋಳು ಕೆಳತೋಳಿಗಿಂತ ಗಿಡ್ಡ. ಆದುದರಿಂದ ತಗ್ಗಿಸಿದಾಗ ಗಾಲಿಯ ತಲೆಯು ಒಳಕ್ಕೆ ವಾಲುವುದು. ಮಿತಿಮೀರಿದರೆ ಟೈರಿನ ಒಳ ಅಂಚು ಬೇಗನೆ ಸವೆಯುವುದು. ಎರಡನೆಯದು, ಗಾಲಿಯು ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನ. ಇದನ್ನು ಕ್ಯಾಸ್ಟರ್ ಎನ್ನುವರು. ಮೈನರಿನಲ್ಲಿ ಇದು ೩ ಡಿಗ್ರಿ. ತಿರುವಿನ ನಂತರ ಸ್ಟಿಯರಿಂಗು ತಾನೇ ನೆಟ್ಟಗಾಗುವುದಕ್ಕೆ ಈ ಕೋನವು ಮುಖ್ಯ ಕಾರಣ. ಮುಂಗಾಲಿಗೂ ಹಿಂಗಾಲಿಗೂ ನಡುವೆ ೮೬ ಅಂಗುಲ ದೂರವಿರುವುದರಿಂದ, ಮುಂಭಾಗವನ್ನು ಮಾತ್ರ ೧ ಅಂಗುಲ ತಗ್ಗಿಸಿದರೆ ಬಂಡಿಯು ಡಿಗ್ರಿಯ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಮುಂದಕ್ಕೆ ಬಾಗುವುದು. ೩ ಡಿಗ್ರಿಯಲ್ಲಿ ಅಷ್ಟೂ ಕಳೆಯುವುದು. ಎರಡು ಅಂಗುಲ ತಗ್ಗಿಸಿದವರ ಗತಿಯನ್ನು ವಾಚಕರೇ ಎಣಿಸಿಕೊಳ್ಳಲಿ.

ಮೂರನೆಯದು, ಗಾಲಿಗಳ ಮುಂಬದಿಗಳು ಹಿಂಬದಿಗಳಿಗಿಂತ ಎಷ್ಟು ಹತ್ತಿರವಾಗಿವೆ ಎಂಬುದು. ಮೈನರಿಗೆ ವಿಧಿಸಿದ ಅಳತೆ ಅಂಗುಲದ ೩/೩೨. ಎತ್ತರವು ಬದಲಾದಾಗ ಇದೂ ಬದಲಾಗುವುದರಿಂದ, ಬಂಡಿಯನ್ನು ಕೆಳಗಿಳಿಸಿ, ಹಿಂದೆ ಮುಂದೆ ತುಸು ಓಡಿಸಿ, ಅದು ತನ್ನ ಎತ್ತರಕ್ಕೆ ಕುಳಿತ ಮೇಲೆಯೇ ಅಳೆಯತಕ್ಕದ್ದು. ಸಮನಾದ ನೆಲದಲ್ಲಿ ಎರಡು ಟೈರುಗಳ ಹಿಂಬದಿಯಲ್ಲಿ, ಗಾಲಿಯ ಗುಂಬದ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ ನಡುವಣ ದೂರವನ್ನು ಅಳೆಯಿರಿ. ಬಂಡಿಯನ್ನು ಮುಂದಕ್ಕೆ ತಳ್ಳಿ, ಗಾಲಿಯು ಅರ್ಧ ಸುತ್ತು ತಿರುಗಿ ಅದೇ ಗುರುತುಗಳು ಮುಂದಕ್ಕೆ ಬಂದಾಗ ಮತ್ತೆ ಅಳೆಯಿರಿ. ಎರಡಕ್ಕೂ ಇರುವ ವ್ಯತ್ಯಾಸವೇ ಬೇಕಾದ ಲೆಕ್ಕ. ಅದೇ ಗುರುತುಗಳನ್ನು ಬಳಸುವುದರಿಂದ ಗಾಲಿಯ ಸೊಟ್ಟವು ಲೆಕ್ಕಕ್ಕೆ ಸೇರುವುದಿಲ್ಲ. ತಿದ್ದುವಾಗ ಎಡಬಲದ ಸಲಾಕೆಗಳನ್ನು ಸಮನಾಗಿ ತಿರುಗಿಸಿ ನಟ್ಟುಗಳನ್ನು ಬಿಗಿಯಬೇಕು.

ಇಷ್ಟು ಸೂಕ್ಷ್ಮವೇಕೆಂದು ಕೇಳುವವರಿಗೆ ಒಂದು ಲೆಕ್ಕ. ಟೈರಿನ ಅಡ್ಡಳತೆ ೬೦೦ ಮಿಲಿಮೀಟರು ಎಂದಿಟ್ಟುಕೊಂಡು, ತಪ್ಪು ಕೇವಲ ೩ ಮಿಲಿಮೀಟರು ಇದ್ದರೆ, ಬಂಡಿಯು ೧ ಕಿಲೋಮೀಟರು ಓಡುವಷ್ಟರಲ್ಲಿ ಪ್ರತಿಯೊಂದು ಗಾಲಿಯೂ ಎರಡೂವರೆ ಮೀಟರು ಅಡ್ಡಲಾಗಿ ಉಜ್ಜಿಕೊಂಡು ಹೋದಂತಾಗುವುದು. ಹೊಸ ಟೈರು ಒಂದು ಹಂಗಾಮಿನಲ್ಲಿ ಬೋಳಾಗುವುದು ಹೀಗೆಯೇ.

ತಗ್ಗಿಸಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಅರ್ಧ ಅಂಗುಲದಿಂದ ಆರಂಭಿಸಿ, ತುಂಬಿದ ಬಂಡಿಯು ರಸ್ತೆಯ ಉಬ್ಬಿನ ಮೇಲೆ ತಳ ತಾಗದೆ ಹೋಗುವುದೆಂದು ನಿಶ್ಚಯಮಾಡಿಕೊಂಡು, ಪ್ರತಿಯೊಂದು ಸಲವೂ ಮೂರು ಅಳತೆಗಳನ್ನು ನೋಡಿದ ಮೇಲೆಯೇ ಮುಂದುವರಿಯುವುದು ಜಾಣತನ. ನುರಿತ ಕೆಲಸಗಾರನ ಕೈಯಲ್ಲಿ ಮಾಡಿಸುವವರೂ ಅಳತೆಗಳನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳಲಿ. ಮನೆಮಂದಿಯನ್ನು ಹೊತ್ತು ನೆಟ್ಟಗೆ ಓಡಿ ಮನೆಗೆ ಮರಳುವ ಬಂಡಿಗಿಂತ ಅಂದವಾದ ಬಂಡಿ ಬೇರೆ ಉಂಟೆ?