ಕರೋನಾ: ಸೂರ್ಯನ ಹೊರ ಆವರಣದ ಬಗ್ಗೆ ನಾವು ನಂಬಿದ್ದು, ಇರುವುದು

ಗ್ರಹಣದ ಹೊತ್ತಿನಲ್ಲಿ ಸೂರ್ಯನಿಂದ ವಿಷಕಿರಣ ಹೊರಡುತ್ತದೆ ಎಂಬ ನಂಬಿಕೆಗೆ ಇನ್ನೂ ಮುಪ್ಪು ಬಂದಿಲ್ಲ. 1980ರ ಫೆಬ್ರವರಿ 16ರಂದು ಅಂಕೋಲಾದಿಂದ ರಾಯಚೂರಿನವರೆಗೆ ಖಗ್ರಾಸ ಗ್ರಹಣ ಹಾದುಹೋದಾಗ ಎಷ್ಟೋ ಮಂದಿ ಬಾಗಿಲು ಮುಚ್ಚಿ ಒಳಗೇ ಕೂತರು. ಕಪ್ಪು ಬಿಂಬದ ಸುತ್ತ ಆಗ ಕಾಣುವ ಬೆಳ್ಳಿ ಪ್ರಭೆಯೇ ಕರೋನಾ. ಅದು ಗ್ರಹಣದಲ್ಲಿ ಹುಟ್ಟುವುದಲ್ಲ, ಸದಾ ಇರುವುದೇ. ಹೊಳಪು ಹುಣ್ಣಿಮೆ ಚಂದ್ರನಷ್ಟು ಮಾತ್ರ. ಕಣ್ಣು ಸುಡುವುದು ಚಂದ್ರನ ಅಂಚಿನಲ್ಲಿ ಇಣುಕುವ ಸೂರ್ಯಬಿಂಬದ ಚೂರು. ಪಾರ್ಶ್ವಗ್ರಹಣಕ್ಕೆ ಸೌರ ಕನ್ನಡಕ ಬೇಕೇಬೇಕು.

ಒಲೆಯಿಂದ ದೂರ ಸರಿದಷ್ಟೂ ಕಾವು ಇಳಿಯಬೇಕು ತಾನೆ? ಸೂರ್ಯನಲ್ಲಿ ಹಾಗಿಲ್ಲ. ಕಣ್ಣಿಗೆ ಕಾಣುವ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲಿನ ಕರೋನಾ ಹತ್ತು ಲಕ್ಷ ಡಿಗ್ರಿಗೂ ಹೆಚ್ಚು. ಇದು ತಿಳಿದದ್ದೇ ಒಂದು ಪತ್ತೇದಾರಿ ಕತೆ. 1869ರ ಗ್ರಹಣದಲ್ಲಿ ಕರೋನಾದ ರೋಹಿತದಲ್ಲಿ ಗುರುತು ಸಿಗದ ಹಸಿರು ಗೆರೆಯೊಂದು ಕಂಡಿತು. ಭೂಮಿಯಲ್ಲಿಲ್ಲದ ಹೊಸ ಧಾತು ಎಂದುಕೊಂಡು ಅದಕ್ಕೆ 'ಕರೋನಿಯಂ' ಎಂದು ಹೆಸರನ್ನೂ ಇಟ್ಟರು. ಸುಮಾರು ಎಪ್ಪತ್ತು ವರ್ಷಗಳ ನಂತರ ಗ್ರೋಟ್ರಿಯನ್ ಮತ್ತು ಎಡ್ಲೇನ್ ಎಂಬ ವಿಜ್ಞಾನಿಗಳು ಅದರ ಗುಟ್ಟು ಬಿಡಿಸಿದರು: ಅದು ಬರೀ ಕಬ್ಬಿಣ, ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ! ಅಷ್ಟನ್ನು ಕಿತ್ತುಹಾಕಲು ಲಕ್ಷಾಂತರ ಡಿಗ್ರಿಯ ತಾಪವೇ ಬೇಕು. ಆ ಶಕ್ತಿಯನ್ನು ಕೆಳಗಿನಿಂದ ಹೊತ್ತು ತರುವುದು ಕಾಂತಕ್ಷೇತ್ರ. ತರುವುದು ಅಲೆಗಳ ಮೂಲಕವೋ, ಪುಟ್ಟಪುಟ್ಟ ಸ್ಫೋಟಗಳ ಮೂಲಕವೋ ಎಂಬ ಜಗಳ ಮಾತ್ರ ವಿಜ್ಞಾನಿಗಳಲ್ಲಿ ಮುಗಿದಿಲ್ಲ.

ಹಾಗಾದರೆ ಅಲ್ಲಿಗೆ ಹೋದದ್ದೆಲ್ಲ ಕರಗಿಹೋಗಬೇಕಲ್ಲ? ಇಲ್ಲ. ಸುರುಸುರುಬತ್ತಿಯ ಕಿಡಿ ಕುದಿಯುವ ನೀರಿಗಿಂತ ಎಷ್ಟೋ ಪಟ್ಟು ಬಿಸಿ, ಆದರೂ ಅಂಗೈ ಸುಡುವುದಿಲ್ಲ. ಕಿಡಿಯಲ್ಲಿ ದ್ರವ್ಯವೇ ಅಷ್ಟಿಲ್ಲ. ಕರೋನಾ ಅದಕ್ಕಿಂತಲೂ ವಿರಳ. 2024ರ ಡಿಸೆಂಬರ್ 24ರಂದು ನಾಸಾದ ಪಾರ್ಕರ್ ನೌಕೆ ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿ.ಮೀ. ದೂರದಲ್ಲಿ ಕರೋನಾದೊಳಗೇ ಹಾದು ಬಂತು. ಅದರ ಕವಚ ಕಾದದ್ದು ಸಾವಿರ ಡಿಗ್ರಿಯ ಆಸುಪಾಸು, ಅದೂ ಮುಖ್ಯವಾಗಿ ಬಿಸಿಲಿನಿಂದ.

ಇನ್ನು ನಮ್ಮ ಆದಿತ್ಯ-ಎಲ್1 ನೌಕೆ 'ಸೂರ್ಯನನ್ನು ಮುಟ್ಟಲು' ಹೋದದ್ದಲ್ಲ. ಸೂರ್ಯ 15 ಕೋಟಿ ಕಿ.ಮೀ. ದೂರ, ಆದಿತ್ಯ ಕ್ರಮಿಸಿದ್ದು 15 ಲಕ್ಷ, ನೂರರಲ್ಲಿ ಒಂದು ಪಾಲು. ಅಲ್ಲಿ ರಾತ್ರಿಯಿಲ್ಲ, ಗ್ರಹಣಕ್ಕೆ ಕಾಯಬೇಕಿಲ್ಲ. ಅದರಲ್ಲಿರುವ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಿರ್ಮಿಸಿದ ಕರೋನಾಗ್ರಾಫ್ ಸೂರ್ಯಬಿಂಬವನ್ನು ತಾನೇ ಮರೆಮಾಡಿ ನೋಡುತ್ತದೆ. ಅದು ಗಮನಿಸುವ ರೋಹಿತ ಗೆರೆಗಳಲ್ಲಿ 1869ರ ಆ ಹಸಿರು ಗೆರೆಯೂ ಒಂದು.