ಕಾವಲು ನಾಯಿಯ ಅಂಜಿಕೆಯೂ ಅದರ ಪರಿಹಾರವೂ

ವರದಾ ನದಿಯ ತೀರದ ಬನವಾಸಿ ಸೀಮೆಯಲ್ಲಿ ಭತ್ತದ ಗದ್ದೆಗೂ ಅಡಿಕೆಯ ತೋಟಕ್ಕೂ ಕಾಡುಹಂದಿ, ಮಂಗಗಳ ಕಾಟ ತಪ್ಪಿದ್ದಲ್ಲ. ಇವನ್ನು ಅಟ್ಟಲು ಸಾಕಿದ ನಾಯಿಯೇ ಗರ್ನಾಲಿನ ಸದ್ದಿಗೂ ಮುಂಗಾರಿನ ಗುಡುಗಿಗೂ ನಡುಗಿ ಮೂಲೆ ಸೇರುವುದುಂಟು. ಇದು ಹೇಡಿತನವಲ್ಲ. ಮನುಷ್ಯನಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿ ಕೇಳಿಸಿದರೆ, ನಾಯಿಗೆ ಸುಮಾರು 45,000ದವರೆಗೆ ಕೇಳಿಸುವುದು.

ಬಾಲವನ್ನು ಕಾಲಸಂದಿಗೆ ಸೇರಿಸುವುದು, ಕಿವಿಯನ್ನು ಹಿಂದಕ್ಕೊತ್ತುವುದು, ಸೆಕೆಯಿಲ್ಲದೆ ಏದುಸಿರು ಬಿಡುವುದು ಅಂಜಿಕೆಯ ಗುರುತುಗಳು. ಆಗ ಹೊಡೆದರೆ ಅಂಜಿಕೆ ಇಮ್ಮಡಿಸುವುದಲ್ಲದೆ, ಓಡಲು ದಾರಿ ಕಾಣದ ನಾಯಿಯು ಒಡೆಯನನ್ನೇ ಕಚ್ಚೀತು. ಆದಕಾರಣ ಸದ್ದಿನ ಹೊತ್ತಿನಲ್ಲಿ ಅದನ್ನು ಅಂಗಳದಲ್ಲಿ ಕಟ್ಟಿಹಾಕದೆ, ಮನೆಯ ಒಳಮೂಲೆಯಲ್ಲಿ ಗೋಣಿ ಹಾಸಿ ಮಲಗಗೊಡತಕ್ಕದ್ದು. ಅನಂತರ ದೂರದ ಸಣ್ಣ ಸದ್ದಿನಿಂದ ಆರಂಭಿಸಿ, ಪ್ರತಿ ಸಲವೂ ತಿನಿಸು ಕೊಡುತ್ತ, ಹಲವು ವಾರಗಳಲ್ಲಿ ಮೆಲ್ಲಮೆಲ್ಲನೆ ರೂಢಿಮಾಡಬೇಕು. ನಡುವೆ ಅಂಜಿದರೆ ಹಿಂದಿನ ಸಣ್ಣ ಸದ್ದಿಗೇ ಮರಳತಕ್ಕದ್ದು.

ಯಾವ ಸದ್ದೂ ಇಲ್ಲದೆ ನಡತೆ ಥಟ್ಟನೆ ಬದಲಾಗಿ, ಜೊಲ್ಲು ಸುರಿದು, ಬೊಗಳುವ ದನಿ ಕೆಟ್ಟರೆ, ಹುಚ್ಚುರೋಗವೆಂದು ಶಂಕಿಸಿ ದೂರವಿದ್ದು ಪಶುವೈದ್ಯರಿಗೆ ತಿಳಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು, ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಊರಿನ ಎಲ್ಲ ನಾಯಿಗಳಿಗೂ ವರ್ಷಕ್ಕೊಮ್ಮೆ ಚುಚ್ಚುಮದ್ದು ಹಾಕಿಸುವಲ್ಲಿ ಗ್ರಾಮದ ಹಿರಿಯರು ಮುಂದಾಗಬೇಕು.